ಅಂಚಿಲ್ಲದ ಅತ್ತೆಯ ಫೋಟೋ

ಒಂದು ಮಾತು ಕೇಳುತ್ತೇನೆ, ಊಹಿಸಿ ಹೇಳಿ ಕಾಂಬ. ಹೊಸ ಕಲರ್ ಪ್ರಿಂಟರು, ಹೊಳೆಯುವ ದಪ್ಪ ಕಾಗದ, ಕಂಪ್ಯೂಟರಿನ ಪರದೆ ಮೇಲೆ ಎಪ್ಪತ್ತೊಂಬತ್ತು ವರ್ಷದ ನನ್ನ ಅತ್ತೆಯ ಮುಖ. ಹಾಳೆಯ ನಾಲ್ಕೂ ಬದಿಯಲ್ಲಿ ಕೂದಲೆಳೆಯಷ್ಟೂ ಬಿಳಿ ಉಳಿಯಬಾರದು, ಹಾಳೆ ತುಂಬ ಅತ್ತೆಯೇ ಇರಬೇಕು ಎಂದು ಹಟ ಹಿಡಿದು ಗುಂಡಿ ಒತ್ತಿದೆ. ಯಂತ್ರ ಗರಗರ ಎಂದಿತು, ಹಾಳೆ ಹೊರಗೆ ಬಂತು. ಬಿಳಿ ಅಂಚು ಇರಲಿಲ್ಲ, ನಿಜ. ಅದರ ಜೊತೆಗೆ ಇನ್ನೇನೋ ಇರಲಿಲ್ಲ. ಏನದು?

ಯೋಚನೆ ಮಾಡುತ್ತಾ ಇರಿ, ಮೂರನೆಯ ಪ್ರಸಂಗದಲ್ಲಿ ಹೇಳುತ್ತೇನೆ. ನಿವೃತ್ತನಾದವನ ಮನೆಗೆ ಒಂದು ಯಂತ್ರ ಬಂದರೆ ಇಂಥದ್ದು ಆಗುತ್ತಲೇ ಇರುತ್ತದೆ. ಕೆಲಸದಲ್ಲಿರುವವನ ಹತ್ತಿರ ಯಂತ್ರ ತನ್ನ ಪಾಡಿಗೆ ಇರುತ್ತದೆ, ಅವನಿಗೆ ಪುರುಸೊತ್ತಿಲ್ಲ ಎಂದು ಅದಕ್ಕೂ ಗೊತ್ತು. ನನ್ನಂಥವನು ಸಿಕ್ಕಿದರೆ ಇಡೀ ದಿನ ಆಟ ಆಡಿಸುತ್ತದೆ. ನನಗೂ ಆಟ ಬೇಕೇ ಇತ್ತೆನ್ನಿ.

ನಾನು ಸರ್ವೆ ಇಲಾಖೆಯಲ್ಲಿ ಮೂವತ್ತಮೂರು ವರ್ಷ ಜನರ ಗದ್ದೆ, ಹಿತ್ತಿಲು ಅಳೆದವನು. ಬೇರೆಯವರ ಗಡಿಕಲ್ಲು ಹುಡುಕಿಕೊಟ್ಟೇ ಕಾಲ ಕಳೆದವನಿಗೆ ಒಂದು ಹಾಳೆಯ ಅಂಚು ಸೋಲಿಸೀತು ಎಂದು ಯಾರಾದರೂ ಹೇಳಿದ್ದರೆ ನಾನು ನಗುತ್ತಿದ್ದೆ. ಮನೆ ಕೋಟೇಶ್ವರದಲ್ಲಿ. ಅತ್ತೆ ಮನೆ ಬೈಂದೂರಿನ ಹತ್ತಿರ ಯಡ್ತರೆಯಲ್ಲಿ. ಅಲ್ಲಿ ಅತ್ತೆ, ಅವರ ಇಬ್ಬರು ಗಂಡುಮಕ್ಕಳು, ಇಬ್ಬರು ಸೊಸೆಯಂದಿರು.

ಮಾವ ತೀರಿಕೊಂಡಾಗ ಭಾವಂದಿರು ಅವರ ಫೋಟೋಕ್ಕೆಂದು ಕಟ್ಟು, ಅಂದರೆ ಗಾಜಿನ ಫ್ರೇಮು, ಹಾಕಿಸಲು ಹೋದವರು ಒಂದೇ ಅಳತೆಯ ಎರಡು ಕಟ್ಟು ತಂದಿದ್ದರು. ಎರಡನೆಯದು ಯಾರಿಗೆ ಎಂದು ಅವರು ಬಾಯಿ ಬಿಡಲಿಲ್ಲ. ಅತ್ತೆ ಕೇಳಲೂ ಇಲ್ಲ. ಹಳೆ ಪೇಪರಿನಲ್ಲಿ ಸುತ್ತಿ ಕಪಾಟಿನ ಮೇಲೆ ಇಟ್ಟರು. ಅದು ಅಲ್ಲೇ ಹತ್ತು ವರ್ಷ ಇತ್ತು. ಒಂದು ದಿನ ನಾವು ಹೋಗಿದ್ದಾಗ ಅತ್ತೆ ಚಾವಡಿಯಲ್ಲಿ ಕೂತು ಅದನ್ನು ಕೆಳಗಿಳಿಸಲು ಹೇಳಿದರು.

"ಸತ್ ಮೇಲ್ ಗೋಡಿಗ್ ಎಂಥಾ ಫೋಟೋ ಹಾಕ್ತ್ರ್ ಅಂದ್ ನಂಗ್ ಹ್ಯಾಂಗ್ ಗೊತ್ತಾಪ್ದ್? ಈಗ್ಳೇ ಕಂಡ್ಕಂಡೇ ಹೋಯ್ಕ್ ನಂಗೆ. ಮತ್ತೆ, ಬಿಳಿ ಅಂಚ್ ಮಾತ್ರ ಬೇಡ. ನಿಮ್ ಮಾವಂದ್ ಕಾಣಿ, ಕಿಟ್ಕಿ ಆಚಿ ನಿತ್ಕಂಡ್ ಒಳ್ಗ್ ಹಣ್ಕಿದಂಗ್ ಇತ್ತ್."

ನಿಜವೇ. ಸ್ಟುಡಿಯೋದವನು ಮಾವನ ಸಣ್ಣ ಫೋಟೋದ ಸುತ್ತ ಬೆರಳಗಲ ಬಿಳಿ ಬಿಟ್ಟು ಕೊಟ್ಟಿದ್ದ. ಮಾವ ಹತ್ತು ವರ್ಷದಿಂದ ಹೊರಗೇ ನಿಂತಿದ್ದರು.

"ನಾನ್ ಮಾಡಿ ಕೊಡ್ತೆ ಅತ್ತೆ" ಎಂದುಬಿಟ್ಟೆ. ಅವಸರಕ್ಕೆ ಕಾರಣ ಇದೆ. ಮದುವೆಯಾಗಿ ಮೂವತ್ತೆರಡು ವರ್ಷವಾದರೂ ಅತ್ತೆ ನನ್ನ ಒಂದು ಕೆಲಸಕ್ಕೂ 'ಲಾಯ್ಕಿತ್ತ್', ಚೆನ್ನಾಗಿದೆ, ಎಂದವರಲ್ಲ. ಹೊಸ ಅಳಿಯನಾಗಿದ್ದಾಗ ಉತ್ಸಾಹದಿಂದ ಅವರ ಹಿತ್ತಿಲು ಅಳೆದು, ಫಸಲು ಕೊಡುವ ಒಂದು ತೆಂಗಿನ ಮರ ಪಕ್ಕದ ಮನೆಗೆ ಸೇರಿದ್ದೆಂದು ತೋರಿಸಿಕೊಟ್ಟಿದ್ದೆ. ಅಳತೆ ಸರಿಯಾಗಿತ್ತು. ಅದೇ ತಪ್ಪಾಗಿದ್ದು. ಈ ಫೋಟೋದಿಂದಲಾದರೂ ಆ ಒಂದು ಮಾತು ಹೊರಡಿಸಬೇಕು ಎಂದು ನನ್ನ ಆಸೆ.

1. ಕತ್ತರಿ

ಅಂದೇ ನಮ್ಮ ಕ್ಯಾಮರಾದಲ್ಲಿ ಅತ್ತೆಯ ಫೋಟೋ ತೆಗೆದು, ಆ ಕಟ್ಟನ್ನೂ ಮನೆಗೆ ತಂದಿದ್ದೆ. ಮೊದಲ ಪ್ರಿಂಟಿನಲ್ಲಿ ನಾಲ್ಕೂ ಕಡೆ ಬಿಳಿ ಅಂಚು. ಚಿತ್ರ ದೊಡ್ಡದು ಮಾಡಿದೆ, ಅಂಚು ಅಲ್ಲೇ ಇತ್ತು. ಇನ್ನೂ ದೊಡ್ಡದು ಮಾಡಿದೆ, ಅತ್ತೆಯ ಗಲ್ಲ ಅಂಚಿನವರೆಗೆ ಬಂದು ಗೆರೆ ಕೊಯ್ದ ಹಾಗೆ ನಿಂತಿತು. ಯಾರೋ ಒಳಗೆ ಬೇಲಿ ಹಾಕಿ ಇಟ್ಟಿದ್ದಾರೋ ಎಂಬಂತೆ ಶಾಯಿ ಆ ಗೆರೆ ದಾಟಲು ಒಪ್ಪಲೇ ಇಲ್ಲ.

ನನ್ನ ಹೆಂಡತಿ ಬಾಗಿಲಲ್ಲಿ ನಿಂತು ಐದು ಹಾಳೆ ಹಾಳಾಗುವುದನ್ನು ನೋಡಿದಳು. ಆರನೆಯದಕ್ಕೆ ಕೈ ಹಾಕಿದಾಗ ಕೇಳಿದಳು.

"ಅಲ್ಲ, ಮನಿಯಂಗ್ ಕತ್ರಿ ಇಲ್ಯಾ?"

ಮೂರು ದಿನದಿಂದ ಕಂಪ್ಯೂಟರಿನ ಒಳಗೆ ಹುಡುಕುತ್ತಿದ್ದ ಉತ್ತರ ಹೊಲಿಗೆ ಡಬ್ಬಿಯಲ್ಲಿತ್ತು. ಸ್ಕೇಲು ಇಟ್ಟು ಗೆರೆ ಎಳೆದು, ನಾಲ್ಕೂ ಕಡೆ ಬಿಳಿಯನ್ನು ನೀಟಾಗಿ ಕತ್ತರಿಸಿದೆ. ಕಟ್ಟಿನೊಳಗೆ ಇಟ್ಟೆ. ಕತ್ತರಿಸಿದ ಮೇಲೆ ಫೋಟೋ ಕಟ್ಟಿಗಿಂತ ಸಣ್ಣದಾಗಿತ್ತು. ಹಿಂದಿನ ರಟ್ಟು ಸುತ್ತಲೂ ಇಣುಕಿತು. ಆ ರಟ್ಟೂ ಬಿಳಿ.

ಹೆಂಡತಿ ದೂರ ನಿಂತು, ಹತ್ತಿರ ಬಂದು, ಎರಡೆರಡು ಸಲ ನೋಡಿದಳು.

"ಅಡ್ಡಿಲ್ಲೆ. ಈಗ ಫೋಟೋಕೆ ಅಂಚಿಲ್ಲೆ ಕಾಣಿ. ಅಂಚ್ ಇಪ್ದ್ ಫ್ರೇಮಿಗೆ."

2. ತೊಡೆ ಮೇಲಿನ ಪ್ರಯಾಣಿಕ

ಪ್ರಿಂಟರು ತಂದದ್ದು ಬ್ರಹ್ಮಾವರದ ಒಂದು ಅಂಗಡಿಯಿಂದ. ಫೋನ್ ಮಾಡಿದೆ. ಅಂಗಡಿಯವರು ನನ್ನ ವಿವರಣೆ ಕಾಲು ಗಂಟೆ ಕೇಳಿ, "ತಕಂಡ್ ಬನಿ ಮಾರ್ರೆ" ಎಂದರು. ಪ್ರಿಂಟರನ್ನು ಬೆಡ್‌ಶೀಟಿನಲ್ಲಿ ಸುತ್ತಿ, ತೊಡೆ ಮೇಲೆ ಇಟ್ಟುಕೊಂಡು ಬಸ್ಸಿನಲ್ಲಿ ಕೂತೆ.

ಕಂಡಕ್ಟರು ಬಂದು ಗಂಟು ನೋಡಿದ. "ಎಂತ ಇದ್, ಮಗುವಾ?"

"ಪ್ರಿಂಟರ್."

"ಹಾಳಾಯ್ತಾ?"

"ಹಾಳಾಯ್ಲಿಲ್ಲೆ. ಎಲ್ಲ ಮಾಡತ್ತ್, ಹಾಳಿ ಅಂಚಿಗ್ ಮಾತ್ರ ಬತ್ತಿಲ್ಲೆ."

"ನಮ್ ಡ್ರೈವರ್ ಹತ್ರ ಎರಡ್ ದಿನ ಬಿಡಿ. ಅವ ಹೋಪ್ದೇ ಅಂಚಂಗೆ."

ಇಡೀ ಬಸ್ಸು ನಕ್ಕಿತು. ಡ್ರೈವರು ಕನ್ನಡಿಯಲ್ಲಿ ನನ್ನನ್ನೇ ದುರುಗುಟ್ಟಿ ನೋಡಿದ, ನಾನೇ ಹೇಳಿದ ಹಾಗೆ.

ಬ್ರಹ್ಮಾವರದಲ್ಲಿ ಅಂಗಡಿಯವರು ಗಂಟು ಬಿಚ್ಚಲೂ ಇಲ್ಲ. ತಮ್ಮ ಕಂಪ್ಯೂಟರಿನಲ್ಲಿ ಒಂದು ಕಿಟಕಿ ತೆರೆದು 'ಬಾರ್ಡರ್‌ಲೆಸ್' ಎಂದಿದ್ದ ಒಂದು ಸಣ್ಣ ಚೌಕ ತೋರಿಸಿದರು. "ಇಲ್ಲೊಂದ್ ಟಿಕ್ ಹಾಕಿ. ಕಾಗ್ದ ಫೋಟೋ ಪೇಪರ್ ಅಂದ್ ಹೇಳಿ. ಸಾದಾ ಹಾಳಿ ಅಂದ್ರೆ ಅದ್ ಟಿಕ್ ಹಾಕುಕೇ ಬಿಡುದಿಲ್ಲ."

"ಇಷ್ಟೇಯಾ?"

"ಇಷ್ಟೇ."

"ಹಂಗಾರ್ ಇದನ್ ಹೊತ್ಕಂಡ್ ಬಪ್ಪುಕ್ ಎಂತಕ್ ಹೇಳಿದ್ದ್ ನೀವ್?"

ಅವರು ತಣ್ಣಗೆ ಹೇಳಿದರು: "ಫೋನಂಗ್ ಹೇಳ್ರೆ ನೀವ್ ನಾಳಿಗ್ ಮರೀತ್ರಿ. ಈಗ ಬಸ್ಸಂಗ್ ಹೊತ್ಕಂಡ್ ಬಂದ್ರಿ ಅಲ್ದಾ, ಇನ್ನ್ ಸಾಯುವರಿಗೂ ಮರುದಿಲ್ಲ."

3. ದೊಡ್ಡದಾದರೆ ಹೋಗುವುದೆಂತಕ್ಕೆ?

ಟಿಕ್ ಹಾಕಿ ಗುಂಡಿ ಒತ್ತಿದ್ದು ಅಂದೇ ಸಂಜೆ. ನಾನು ಮೊದಲು ಕೇಳಿದ ಪ್ರಶ್ನೆ ಈ ಹಾಳೆಯದ್ದು. ಯಾರಾದರೂ ಊಹಿಸಿದಿರೋ? ಇಲ್ಲವಾದದ್ದು ಅತ್ತೆಯ ಎರಡೂ ಕಿವಿ.

ತಪ್ಪು ಯಂತ್ರದ್ದಲ್ಲ. ಬಿಳಿ ಉಳಿಯಬಾರದು ಎಂದರೆ ಅದು ಚಿತ್ರವನ್ನು ಹಾಳೆಗಿಂತ ಒಂಚೂರು ದೊಡ್ಡದು ಮಾಡಿ, ಶಾಯಿಯನ್ನು ಅಂಚಿನಿಂದ ಆಚೆಗೂ ಹಾರಿಸುತ್ತದೆ. ಹೆಚ್ಚಾದದ್ದು ಹಾಳೆಯ ಹೊರಗೆ ಹೋಗುತ್ತದೆ. ಮೇಲಾಗಿ ನಮ್ಮ ಕ್ಯಾಮರಾದ ಫೋಟೋ ಹಾಳೆಗಿಂತ ಅಗಲ, ಬದಿ ಇನ್ನಷ್ಟು ಹೋಗುತ್ತದೆ. ಮುಖ ದೊಡ್ಡದು ಕಾಣಲಿ ಎಂದು ನಾನು ಕಿವಿಯನ್ನು ಸರಿಯಾಗಿ ಅಂಚಿಗೇ ತಂದು ನಿಲ್ಲಿಸಿದ್ದೆ.

ಆದರೂ ಬಿಳಿ ಇಲ್ಲದ ಸಂಭ್ರಮದಲ್ಲಿ ಕಿವಿ ಇಲ್ಲದ್ದು ನನಗೆ ಕಾಣಲಿಲ್ಲ. ಕಟ್ಟಿಗೆ ಹಾಕಿಕೊಂಡು ಯಡ್ತರೆಗೆ ಹೋದೆ. ಅತ್ತೆ ಕನ್ನಡಕ ಹಾಕಿಕೊಂಡರು. ನೋಡಿದರು. ಕೈ ನಿಧಾನವಾಗಿ ತಮ್ಮ ಕಿವಿಗೆ ಹೋಯಿತು. ಮಾವ ಮಾಡಿಸಿಕೊಟ್ಟ ಬೆಂಡೋಲೆ ಮುಟ್ಟಿ ನೋಡಿಕೊಂಡರು, ಇದೆಯೋ ಇಲ್ಲವೋ ಎಂದು.

"ಹ್ವಾಯ್, ನನ್ ಕೆಮಿ ಎಲ್ಲಿತ್ತ್?"

"ಅದ್ ಅತ್ತೆ, ಮೆಷಿನ್ ಫೋಟೋನ ಒಂಚೂರ್ ದೊಡ್ಡ್ ಮಾಡತ್ತ್..."

"ದೊಡ್ಡ್ ಮಾಡ್ರೆ ಕೆಮಿ ದೊಡ್ಡ್ ಆಯ್ಕಿತ್ತಲೆ. ಹೋಪ್ದ್ ಎಂತಕೆ?"

ಮೂವತ್ತಮೂರು ವರ್ಷ ಜಗಳಗಂಟರ ನಡುವೆ ನಿಂತು ಉತ್ತರ ಕೊಟ್ಟವನು ನಾನು. ಈಗ ಬಗ್ಗಿ ಹಾಳೆಯ ಅಂಚಿನಲ್ಲಿ ಕಿವಿ ಹುಡುಕತೊಡಗಿದೆ. ಅತ್ತೆ ಫೋಟೋವನ್ನು ನನ್ನ ಕೈಗೆ ವಾಪಸು ಕೊಟ್ಟರು.

"ಇನ್ನೊಂದ್ ಸಲ ಕಾಂತೆ. ಆಗ್ದಿದ್ರೆ ಆ ಸ್ಟುಡಿಯೋದವನ್ ಹತ್ರವೇ ಮಾಡ್ಸ್ತೆ. ಅವ ಅಂಚ್ ಬಿಟ್ರೂ ನಿಮ್ ಮಾವನ್ ಕೆಮಿ ಎರಡೂ ಇಟ್ಟಿದ."

4. ಮಗ್ಗಿ

ಸ್ಟುಡಿಯೋದವನ ಎದುರು ಸೋಲುವುದು ನನ್ನಿಂದಾಗದು. ಯಂತ್ರ ಎಷ್ಟು ತಿನ್ನುತ್ತದೆ ಎಂದು ಮೊದಲು ಗೊತ್ತಾಗಬೇಕು, ನಂತರ ಅಷ್ಟು ಜಾಗ ಬಿಟ್ಟು ಫೋಟೋ ತೆಗೆಯಬೇಕು. ಇದು ನನ್ನದೇ ವಿದ್ಯೆ. ಕಂಪ್ಯೂಟರಿನಲ್ಲಿ ಫೋಟೋದಷ್ಟೇ ಅಗಲಕ್ಕೆ ಗೆರೆ ಎಳೆದು, ಅಂಚಿನಿಂದ ಒಳಗೆ ಒಂದು, ಎರಡು, ಮೂರು ಎಂದು ಮಿಲಿಮೀಟರಿನ ಲೆಕ್ಕದಲ್ಲಿ ಅಂಕಿ ಬರೆದು ಪ್ರಿಂಟ್ ತೆಗೆದೆ. ಯಾವ ಅಂಕಿ ಮಾಯವಾಯಿತೋ ಅಲ್ಲಿಯವರೆಗೆ ಯಂತ್ರದ ಗಡಿ. ಹಾಳೆ ಮೇಲೆ ಭೂತಗನ್ನಡಿ ಹಿಡಿದು ಕೂತೆ. ಎಡಕ್ಕೆ ಒಂದು ಸಂಖ್ಯೆ ಬಂತು, ಬಲಕ್ಕೆ ಬೇರೆ. ಹಾಳೆ ಓರೆ ಹೋಗಿತ್ತೇನೋ ಎಂದು ಮತ್ತೆ ತೆಗೆದೆ. ಮತ್ತೂ ತೆಗೆದೆ. ಕೊನೆಗೆ ಬದಿಗೆ ಸುಮಾರು ಒಂದು ಸೆಂಟಿಮೀಟರು ಹೋಗುತ್ತದೆ ಎಂದು ತೀರ್ಮಾನವಾಯಿತು. ಗಡಿ ಸಿಕ್ಕಿದ ದಿನದ ಹಳೆಯ ಖುಷಿ ಮೈಯೆಲ್ಲ ತುಂಬಿತು.

ಹೆಂಡತಿ ಕಸ ಗುಡಿಸಲು ಬಂದವಳು ನೆಲದ ಮೇಲೆ ಹರಡಿದ್ದ ಹಾಳೆ ಎತ್ತಿ ನೋಡಿದಳು. ಹೊಳೆಯುವ ಫೋಟೋ ಪೇಪರಿನ ಮೇಲೆ ಒಂದು, ಎರಡು, ಮೂರು, ನಾಲ್ಕು.

"ಹ್ವಾಯ್, ಕಾಂಬ ಇಲ್ಲಿ. ಮಗ್ಗಿ ಬರ್ಯುಕ್ ಇಷ್ಟ್ ದೊಡ್ಡ್ ಮೆಷಿನ್ ಬೇಕಾಯ್ತಾ?"

"ಮಗ್ಗಿ ಅಲ್ಲ ಮಾರಾಯ್ತಿ, ಅಳತಿ. ನಿನ್ ಅಬ್ಬಿ ಫೋಟೋಕೆ."

"ಅಬ್ಬಿ ಫೋಟೋ ತೆಗೀತ್ರಿ ಅಂದ್ ಮಾಡಿದ್ದೆ. ಅಬ್ಬಿನ್ನೇ ಸರ್ವೆ ಮಾಡ್ತ್ರಿ."

5. ಹಾಳಾಗದ ಹಾರ

ಯಡ್ತರೆಯಿಂದ ಬರುವಾಗ ಬಸ್ಸಿನಲ್ಲಿ ಕಟ್ಟಿನ ಗಾಜು ಬಿರುಕು ಬಿಟ್ಟಿತ್ತು. ಬೇರೆ ಗಾಜು ಹಾಕಿಸಲು ಕುಂದಾಪುರದ ಒಂದು ಕಟ್ಟಿನ ಅಂಗಡಿಗೆ ಹೋದೆ. ಅಳತೆಗೆ ಇರಲಿ ಎಂದು ಕಿವಿ ಇಲ್ಲದ ಅತ್ತೆಯನ್ನು ಅದರೊಳಗೇ ಬಿಟ್ಟಿದ್ದೆ.

ಅಂಗಡಿಯವರು ವಯಸ್ಸಾದವರು, ಮಾತು ಕಡಿಮೆ. ಕಟ್ಟು ತೆಗೆದುಕೊಂಡರು, ಫೋಟೋ ನೋಡಿ ನನಗೆ ಸ್ಟೂಲು ಕೊಟ್ಟರು, ನೀರು ಕೊಟ್ಟರು. ಇಷ್ಟು ಮರ್ಯಾದೆ ಯಾವ ಅಂಗಡಿಯಲ್ಲೂ ನನಗೆ ಸಿಕ್ಕಿರಲಿಲ್ಲ. ಗಾಜು ಕೊಯ್ದು ಕೂರಿಸಿ, ಬಟ್ಟೆಯಿಂದ ಒರೆಸಿ, ಕೊನೆಗೆ ಮೇಲಿನ ಮೊಳೆಯಿಂದ ಗಂಧದ ಚಕ್ಕೆಯ ಹಾರವೊಂದನ್ನು ಇಳಿಸಿ ಕಟ್ಟಿಗೆ ಹಾಕಿದರು.

ಆಗ ನನಗೆ ಹೊಳೆಯಿತು. ಗಡಿಬಿಡಿಯಿಂದ ಎದ್ದು ಹೇಳಿದೆ: "ಹ್ವಾಯ್, ಇದ್ ಬೇಡ ಇದ್ ಬೇಡ! ಅವ್ರ್ ಇದ್ರ್, ಗಟ್ಟಿ ಇದ್ರ್. ಬೆಳಿಗ್ಗೆ ಫೋನಂಗ್ ನಂಗ್ ಬೈದ್ರ್."

ಅವರು ಫೋಟೋ ನೋಡಿದರು, ನನ್ನ ಮುಖ ನೋಡಿದರು. ಹಾರ ತೆಗೆದು, ಮಡಚಿ, ಕಾಗದದಲ್ಲಿ ಸುತ್ತಿ, ಕಟ್ಟಿನ ಜೊತೆಯಲ್ಲೇ ನನ್ನ ಚೀಲಕ್ಕೆ ಹಾಕಿದರು.

"ಅಡ್ಡಿಲ್ಲೆ, ಇಟ್ಕಣಿ. ಹಾಳಾಪು ಸಾಮಾನಲ್ಲ."

6. ಎರಡು ಕಣ್ಣು, ಎಂಟು ಬೆರಳು

ಈಗ ಕಡೆಯದು. ನನ್ನ ಹತ್ತಿರ ಫೋಟೋ ಪೇಪರು ಉಳಿದದ್ದು ಒಂದೇ ಒಂದು, ಬೇರೆಲ್ಲ ಮಗ್ಗಿಗೆ ಹೋಗಿತ್ತು. ಅತ್ತೆ ಕೊಟ್ಟ ಅವಕಾಶವೂ ಒಂದೇ. ಪ್ರಿಂಟು ಅವರ ಎದುರಿಗೇ ತೆಗೆಯುವುದು, ತಪ್ಪಿದ್ದರೆ ತಪ್ಪು ಅಲ್ಲೇ ಕಾಣಲಿ ಎಂದು ಪ್ರಿಂಟರು, ಅದರ ಸಿಡಿ, ಕ್ಯಾಮರಾ ಎಲ್ಲ ಹೊತ್ತು ನಾವಿಬ್ಬರೂ ಯಡ್ತರೆಗೆ ಹೋದೆವು. ಅಲ್ಲಿ ದೊಡ್ಡ ಭಾವನ ಮಗಳ ಕಂಪ್ಯೂಟರು ಇತ್ತು. ಅವಳು ಊರಲ್ಲಿರಲಿಲ್ಲ. ಭಾವಂದಿರಿಬ್ಬರೂ ಯಾವುದೋ ಮದುವೆಗೆ ಹೋಗಿದ್ದರು.

ಅತ್ತೆ ರೇಷ್ಮೆ ಸೀರೆ ಉಟ್ಟು, ಬೆಂಡೋಲೆ ಉಜ್ಜಿ ಹಾಕಿಕೊಂಡು ಚಾವಡಿಯ ಕುರ್ಚಿಯಲ್ಲಿ ಕೂತಿದ್ದರು. ಹಿಂದಿನ ಗೋಡೆ ತುಂಬ ಕ್ಯಾಲೆಂಡರು, ಕೊಡೆ, ಕರೆಂಟಿನ ಮೀಟರು. ಅದನ್ನು ಮುಚ್ಚಲು ನೀಲಿ ಬೆಡ್‌ಶೀಟು ಒಂದು ಬೇಕು, ಹಿಡಿಯಲು ಇಬ್ಬರು ಬೇಕು. ನನ್ನ ಹೆಂಡತಿ ಬಾಗಿಲ ಬೆಳಕಿಗೆ ಅಡ್ಡ ಯಾರೂ ಬರದ ಹಾಗೆ ಕಾಯಬೇಕು. ಉಳಿದವರು ಸೊಸೆಯಂದಿರು.

ಇಲ್ಲೊಂದು ತೊಡಕು. ಆ ಮನೆಯಲ್ಲಿ ದೊಡ್ಡ ಸೊಸೆ ಚಾವಡಿಗೆ ಬಂದರೆ ಸಣ್ಣ ಸೊಸೆ ಹಿತ್ತಿಲಿಗೆ ಹೋಗುತ್ತಾಳೆ. ಸಣ್ಣವಳು ಬಂದರೆ ದೊಡ್ಡವಳಿಗೆ ಬಾವಿಕಟ್ಟೆಯಲ್ಲಿ ಕೆಲಸ ಹುಟ್ಟುತ್ತದೆ. ಜಗಳವೇನೂ ಇಲ್ಲ, ಹೀಗೇ. "ಇಬ್ರೂ ಸೇರಿ ಒಂದ್ ಚಾಪಿ ಮಡ್ಚಿದ್ದ್ ಕಾಣ್ಲಿಲ್ಲೆ ನಾನ್" ಎಂದು ಅತ್ತೆ ಬಂದವರಿಗೆಲ್ಲ ಹೇಳುತ್ತಿದ್ದರು.

ದೊಡ್ಡವಳು ನೈಟಿ ಮೇಲೆ ಬೈರಾಸು ಟವೆಲು ಹೊದ್ದು ಬಾಗಿಲಿಗೆ ಬಂದಳು. "ಅಣ್ಣಯ್ಯ, ಈ ವೇಷದಂಗಾ? ನಾ ಬತ್ತಿಲ್ಲೆ."

ಸಣ್ಣವಳು ಬಂಗುಡೆ ಮೀನು ಕೊಯ್ಯುತ್ತಿದ್ದವಳು, ಕೈ ತೊಳೆದು ಬಂದಳು. "ನನ್ ತಲಿ ಬಾಚ್ಲೇ ಇಲ್ಲೆ ಅಣ್ಣಯ್ಯ."

"ಹೆದ್ರ್‌ಬೇಡಿ ಮಾರಾಯ್ತಿಯರೆ" ಎಂದೆ. "ಬದಿಯಂಗ್ ಒಂದ್ ಸೆಂಟಿಮೀಟರ್ ಮೆಷಿನ್ ಕತ್ರಿಸತ್ತ್. ನಾನ್ ಅಳ್ದ್ ಕಂಡಿದೆ. ನಿಮ್ ಮುಖ ಬಪ್ದೇ ಇಲ್ಲೆ."

ಸರ್ವೆಯವನ ಮಾತು ಎಂದು ನಂಬಿದರು. ಅತ್ತೆಯ ಆಚೆ ಈಚೆ ನಿಂತು ಬೆಡ್‌ಶೀಟು ಎತ್ತಿ ಹಿಡಿದರು. ಕ್ಯಾಮರಾದಲ್ಲಿ ಆ ಬದಿ ಒಬ್ಬಳ ಒಂದು ಕಣ್ಣು, ಈ ಬದಿ ಇನ್ನೊಬ್ಬಳ ಒಂದು ಕಣ್ಣು ಕಾಣುತ್ತಿತ್ತು. ಅಷ್ಟು ಯಂತ್ರಕ್ಕೆ ಎಂದು ಬಿಟ್ಟೆ. ಅತ್ತೆಯ ಕಿವಿ ಎರಡೂ ನಡುವೆ ಕ್ಷೇಮ. ತೆಗೆದೆ.

ಸಿಡಿ ಹಾಕಿ, ತಂತಿ ಜೋಡಿಸಿ, ಕಾಗದ ಇಟ್ಟು ಗುಂಡಿ ಒತ್ತಿದೆ. ಅತ್ತೆ ಕುರ್ಚಿ ಎಳೆದುಕೊಂಡು ಪ್ರಿಂಟರಿನ ಎದುರೇ ಕೂತರು. ಎಲ್ಲರೂ ಸುತ್ತ ನಿಂತೆವು. ಹಾಳೆ ಒಂದೊಂದೇ ಗೆರೆಯಾಗಿ ಹೊರಗೆ ಬರತೊಡಗಿತು.

ಮೊದಲು ಬಂದದ್ದು ಬಿಳಿ.

ಟಿಕ್! ನನ್ನ ಮನೆಯ ಕಂಪ್ಯೂಟರಿನಲ್ಲಿ ಹಾಕಿದ್ದ ಟಿಕ್ ಈ ಕಂಪ್ಯೂಟರಿಗೆ ಹ್ಯಾಗೆ ಗೊತ್ತಿರಬೇಕು? ಬ್ರಹ್ಮಾವರದವರೆಗೆ ಹೊತ್ತುಕೊಂಡು ಹೋದದ್ದೂ ಸಾಕಾಗಲಿಲ್ಲ. ನಿಲ್ಲಿಸಲು ಕೈ ಚಾಚಿದೆ. ಹೆಂಡತಿ ಕೈ ಹಿಡಿದಳು.

"ಕಾಗ್ದ ಒಂದೇ ಇಪ್ದ್. ಬಪ್ದ್ ಬರ್ಲಿ."

ಬಿಳಿ ಆದ ಮೇಲೆ ಬೆಡ್‌ಶೀಟಿನ ತುದಿ ಬಂತು. ಅದನ್ನು ಹಿಡಿದ ನಾಲ್ಕು ಬೆರಳು ಎಡಕ್ಕೆ, ನಾಲ್ಕು ಬೆರಳು ಬಲಕ್ಕೆ ಬಂತು. ಅಂಚು ಬಿಟ್ಟ ಮೇಲೆ ಯಂತ್ರ ಯಾಕೆ ಕತ್ತರಿಸುತ್ತದೆ, ಇದ್ದದ್ದನ್ನೆಲ್ಲ ಪ್ರಾಮಾಣಿಕವಾಗಿ ಇಳಿಸತೊಡಗಿತು. ದೊಡ್ಡ ಸೊಸೆಯ ಒಂದು ಕಣ್ಣು ಬಂತು.

"ಅಣ್ಣಯ್ಯ!" ಎಂದಳು ಅವಳು.

ಸಣ್ಣ ಸೊಸೆಯ ಒಂದು ಕಣ್ಣು, ಬಾಚದ ಕೂದಲು ಬಂತು.

"ಅಯ್ಯಯ್ಯೋ, ಅಣ್ಣಯ್ಯ!"

ಬೈರಾಸು ಬಂತು. ನೈಟಿಯ ಹೂವು ಬಂತು. ನಡುವೆ ಅತ್ತೆ, ಎರಡೂ ಕಿವಿ, ಎರಡೂ ಬೆಂಡೋಲೆಯ ಸಮೇತ ಬಂದರು. ಕೊನೆಗೆ ಕೆಳಗೆ ಒಂದು ಬೆರಳಿಗಿಂತ ಹೆಚ್ಚು ಬಿಳಿ ಬಿಟ್ಟು, ಯಂತ್ರ ಹಾಳೆಯನ್ನು ಅತ್ತೆಯ ಕಾಲ ಬುಡಕ್ಕೆ ಹಾಕಿ ಸುಮ್ಮನಾಯಿತು.

ಅತ್ತೆ ಹಾಳೆ ಎತ್ತಿಕೊಂಡರು. ಕನ್ನಡಕ ಸರಿ ಮಾಡಿಕೊಂಡರು. ನಾನು ಗೋಡೆಯ ಮೇಲಿನ ಮಾವನನ್ನು ನೋಡುತ್ತಾ ನಿಂತೆ.

"ಇದ್ ಯಾರ್?" ಎಡಗಡೆ ಬೆರಳಿಟ್ಟರು.

"ದೊಡ್ಡ್ ಸೊಸಿ."

"ಇದ್?"

"ಸಣ್ಣ್ ಸೊಸಿ."

"ಎಂತ ಮಾಡ್ತಿದ್ರ್?"

"ನಿಮ್ ಹಿಂದ್ ಬಟ್ಟಿ ಹಿಡ್ಕಂಡ್ ನಿತ್ಕಂಡಿದ್ರ್ ಅತ್ತೆ."

"ಇಬ್ರೂ ಒಟ್ಟಿಗಾ?"

"ಹೌದ್, ಇಬ್ರೂ."

ಅತ್ತೆ ಮತ್ತೊಮ್ಮೆ ನೋಡಿದರು. ಹಾಳೆಯನ್ನು ದೂರ ಹಿಡಿದು ನೋಡಿದರು, ಹತ್ತಿರ ತಂದು ನೋಡಿದರು. ಬೆರಳಿನ ಲೆಕ್ಕ ಹಾಕಿದರು. ನಂತರ ನನ್ನ ಕಡೆ ತಿರುಗಿ, ಮೂವತ್ತೆರಡು ವರ್ಷದಲ್ಲಿ ಮೊದಲ ಸಲ ಆ ಮಾತು ಹೇಳಿದರು.

"ಲಾಯ್ಕಿತ್ತ್."

ನಾನು ಹೆಂಡತಿಗೆ ಕೇಳಿತೋ ಎಂದು ತಿರುಗಿ ನೋಡಿದೆ. ಅಷ್ಟರಲ್ಲಿ ಸೊಸೆಯಂದಿರು ಮುಂದೆ ಬಂದರು.

"ಅತ್ತೆ, ಇದನ್ ಹಾಕುದ್ ಬೇಡ! ನನ್ ನೈಟಿ ಕಾಣತ್ತ್!" ಎಂದಳು ದೊಡ್ಡವಳು. "ನಮ್ಮದ್ ಒಂದೊಂದೇ ಕಣ್ಣ್ ಬಂದಿತ್ತ್ ಅತ್ತೆ, ಕಂಡವ್ರ್ ನಗಾಡ್ತ್ರ್!" ಎಂದಳು ಸಣ್ಣವಳು. ಇಬ್ಬರೂ ಒಂದೇ ಪಕ್ಷದಲ್ಲಿ ನಿಂತು ಮಾತಾಡಿದ್ದೂ ಆ ಮನೆಯಲ್ಲಿ ಅದೇ ಮೊದಲು.

"ಇರ್ಲಿ" ಎಂದರು ಅತ್ತೆ. "ಒಂದೊಂದ್ ಕಣ್ಣಾರೂ ನನ್ ಬದಿಗ್ ಇತ್ತಲೆ. ನಾಳಿಗ್ ನಾನ್ ಸತ್ ಮೇಲ್ ಬಂದವ್ರೆಲ್ಲ ಕಾಣ್ಲಿ."

ಆಮೇಲೆ ಅವರ ಬೆರಳು ನಿಧಾನವಾಗಿ ಹಾಳೆಯ ಕೆಳಗಿನ ಬಿಳಿ ಜಾಗಕ್ಕೆ ಬಂದು ನಿಂತಿತು. ಹೊರಟ ಮಾತು ವಾಪಸಾಗುತ್ತದೆ ಎಂದುಕೊಂಡೆ.

"ಇಲ್ಲ್ ತಾರೀಕ್ ಹಾಕಿ" ಎಂದರು. "ಇಲ್ದಿರೆ ಇವ್ರಿಬ್ರೂ ಒಟ್ಟಿಗ್ ನಿತ್ಕಂಡಿದ್ರ್ ಅಂದ್ರೆ ಯಾರೂ ನಂಬುದಿಲ್ಲೆ."

ಪೆನ್ನು ತಂದು, ನಕ್ಷೆಗಳ ಮೇಲೆ ಬರೆಯುತ್ತ ಬಂದ ದುಂಡು ಅಕ್ಷರದಲ್ಲಿ, ಬಿಳಿ ಅಂಚಿನ ಸರಿಯಾಗಿ ನಡುವೆ ಬರೆದೆ: 2008ನೇ ಇಸವಿ ಡಿಸೆಂಬರ್ 7, ಭಾನುವಾರ.